ಗಾಳಿಗೆ ಬೆನ್ನು, ಎಡಗೈ ಕಡಲಿಗೆ

ಸೋಮವಾರ ಬೆಳಗ್ಗೆ ಏಳಕ್ಕೇ ಫೋನು. "ಅಕ್ಕಾರೆ, ಹುಟ್ಟೈತಂತೆ!"

ಯಾರಿಗೆ, ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ. ನವೆಂಬರ್ ತಿಂಗಳಲ್ಲಿ ಚನ್ನಗಿರಿ ಕಡೆಯ ಅಡಿಕೆಯವನೊಬ್ಬ ಇಷ್ಟು ಗಾಬರಿಯಿಂದ ಹುಟ್ಟಿತು ಎಂದರೆ, ಅದು ಹುಟ್ಟಿರುವುದು ಬಂಗಾಳ ಕೊಲ್ಲಿಯಲ್ಲೇ. ವಾಯುಭಾರ ಕುಸಿತ. ಒಂಬತ್ತು ಗಂಟೆಯೊಳಗೆ ಇನ್ನೂ ಆರು ಫೋನು ಬಂದವು. ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟಾಣೆ, ಅಕ್ಕಾರೆ?"

ಈ ಆಣೆಯ ಲೆಕ್ಕ ಏನೆಂದು ಆಮೇಲೆ ಹೇಳುತ್ತೇನೆ. ಮೊದಲು ನನ್ನ ಫಜೀತಿ ಕೇಳಿ. ಸಂತೇಬೆನ್ನೂರಿನ ಹತ್ತಿರ ಒಂದು ದೊಡ್ಡ ತೋಟವನ್ನು ಈ ವರ್ಷ ಖೇಣಿ ಹಿಡಿದಿದ್ದೇನೆ. ಖೇಣಿ ಎಂದರೆ ಫಸಲು ಗುತ್ತಿಗೆ. ಯಜಮಾನರಿಗೆ ಹಸಿ ಅಡಿಕೆಯ ತೂಕಕ್ಕೆ ದುಡ್ಡು. ಕೊಯ್ಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು, ಕೊನೆಗೆ ನಗುವುದು ಅಳುವುದು ಎಲ್ಲ ನಮ್ಮದು. ಮೂರನೆಯ ಕೊಯ್ಲು ಬಾಕಿ ಇತ್ತು. ಕೊಯ್ದು ಬೇಯಿಸಿದರೆ ನಾಲ್ಕೈದು ಗಟ್ಟಿ ಬಿಸಿಲು ಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿದು, ಬಣ್ಣ ಕೆಟ್ಟು, ಮಂಡಿಯಲ್ಲಿ ಕೈಗೆತ್ತಿಕೊಂಡವರು ಮೂಸಿ ನೋಡಿ ವಾಪಸ್ ಇಡುತ್ತಾರೆ. ಕೊಯ್ಯದೆ ಮರದಲ್ಲೇ ಬಿಟ್ಟರೆ ಹಣ್ಣಾಗಿ ಗೋಟಡಿಕೆ. ಅದರ ದರ ತೀರ ಕಮ್ಮಿ. ಹೀಗಾಗಿ ಕಡಲಲ್ಲಿ ಹುಟ್ಟಿದ್ದು ಯಾವ ಕಡೆ ನಡೆಯುತ್ತದೆ ಎನ್ನುವುದರ ಮೇಲೆ ನನ್ನ ಇಡೀ ವರ್ಷ ನಿಂತಿತ್ತು.

ಹದಿನಾಲ್ಕು ವರ್ಷ ಇಂಥ ಬೆಳಗುಗಳಲ್ಲಿ ನಾನು ಒಂದೇ ನಂಬರಿಗೆ ಫೋನು ಮಾಡುತ್ತಿದ್ದೆ. ಈ ಸಲ ಬೆರಳು ತಾನಾಗಿ ಅಲ್ಲಿಗೇ ಹೋಯಿತು. ಹೋಗಿ ನಿಂತಿತು. ಅವರು ಹೋದ ಬೇಸಿಗೆಯಲ್ಲಿ ತೀರಿಕೊಂಡರು.

ಅವರು ನೀರಾವರಿ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯೇನಲ್ಲ. ಹೊನ್ನಾಳಿಯಲ್ಲಿ ಬಾಡಿಗೆ ಮನೆ. ಬೆಳಗಾದರೆ ಮೊಪೆಡ್ ಹತ್ತಿ ನಾಲೆಗೆ ಹೋಗಿ, ನೀರು ಎಷ್ಟು ಅಡಿ ಇದೆ ಎಂದು ಅಳತೆಯ ಪಟ್ಟಿ ನೋಡಿ ಬರೆದುಕೊಳ್ಳುವುದು, ಎಂಟೂವರೆಗೆ ಸರಿಯಾಗಿ ಮಳೆಮಾಪಕ ನೋಡಿ ಮೇಲಿನವರಿಗೆ ತಿಳಿಸುವುದು, ಇಷ್ಟೇ ನೌಕರಿ. ಜನ ಅವರನ್ನು ಗೇಜಿನವರು ಎನ್ನುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ಸದಾ ತೋಳು ಮಡಿಸಿದ ಬಿಳಿ ಅಂಗಿ. ವರ್ಷದ ಒಂಬತ್ತು ತಿಂಗಳು ಅವರಷ್ಟು ಮಂಕು ಮನುಷ್ಯ ಇನ್ನೊಬ್ಬರಿರಲಿಲ್ಲ. ಚಹಾ ಬೇಕೇ ಎಂದರೂ ಯೋಚಿಸಿ ಹೇಳುತ್ತಿದ್ದರು. ಆದರೆ ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ದಾಟಿದ ಮೇಲೆ, ಕಡಲಲ್ಲಿ ಏನಾದರೂ ಅಲುಗಿತೋ, ಆ ಮನುಷ್ಯನ ಕಣ್ಣು, ಕೈ, ಮಾತು, ಮೊಪೆಡ್ಡಿನ ವೇಗ ಎಲ್ಲ ಬೇರೆಯೇ ಆಗುತ್ತಿತ್ತು. ಮಗಳ ಮದುವೆ ಗೊತ್ತಾದ ಮನೆಯವರ ಓಡಾಟ!

ನಾನು ಅವರನ್ನು ಮೊದಲು ನೋಡಿದ್ದು ತಪ್ಪಿತಸ್ಥಳಾಗಿ. ಅಲ್ಲಿಯತನಕ ಕೂಲಿಗೆ ಅಡಿಕೆ ಸುಲಿಯುತ್ತಿದ್ದವಳು ಆ ವರ್ಷ ಧೈರ್ಯ ಮಾಡಿ ಮೊದಲನೇ ಸಲ ಒಂದು ಸಣ್ಣ ತೋಟ ಖೇಣಿ ಹಿಡಿದಿದ್ದೆ. ತೋಟ ಹಿಡಿದೆ, ಒಣಗಿಸಲು ಕಣ ಎಲ್ಲಿಂದ ತರಲಿ? ನಾಲೆಯ ಏರಿಯ ಮೇಲೆ ಇಲಾಖೆಯ ದಾರಿ ಇತ್ತು. ಚೊಕ್ಕ, ಸಮತಟ್ಟು, ಮರದ ನೆರಳಿಲ್ಲ. ಬೇಯಿಸಿದ ಅಡಿಕೆಯನ್ನು ಉದ್ದಕ್ಕೂ ಹರಡಿಬಿಟ್ಟೆ. ಮೊಪೆಡ್ ಬಂದು ನಿಂತಿತು.

"ನಾಳೆ ಸಂಜಿ ಒಳಗೆ ಎತ್ತಿಬಿಡ್ರಿ" ಎಂದರು.

ನನಗೆ ಇಂಥವರು ಗೊತ್ತು. ಎತ್ತು ಎಂದರೆ ಏನಾದರೂ ಕೊಡು ಎಂದರ್ಥ. "ಅಣ್ಣಾರೆ, ಇನ್ನೆರಡು ದಿನ ಬಿಡ್ರಿ. ಮನೆಗೆ ಎರಡು ಸೇರು ಒಳ್ಳೆ ಅಡಿಕೆ ಕೊಡ್ತೀನಿ" ಎಂದೆ.

"ನಾ ಅಡಿಕೆ ಹಾಕಾಕಿಲ್ಲ."

"ಮನ್ಯಾಗೆ ಅಕ್ಕಾರು ಹಾಕ್ತಾರಲ್ಲ, ಮೂರು ಸೇರು ತಗಳ್ರಿ."

ಆಗ ಅವರು ನಕ್ಕರು. "ಅಲ್ರೀ ಅಕ್ಕಾರೆ, ನಾನು ಬಿಟ್ರೂ ಅದು ಬಿಡಬೇಕಲ್ಲ?" ಎಂದು ಮೊಪೆಡ್ ಇಳಿದು, ಗಾಳಿ ಬೀಸುವ ದಿಕ್ಕು ನೋಡಿ, ಗಾಳಿಗೆ ಬೆನ್ನು ಕೊಟ್ಟು ನಿಂತರು. ಎಡಗೈಯನ್ನು ಭುಜದ ನೇರಕ್ಕೆ ಚಾಚಿದರು. ಕೈ ಪೂರ್ವಕ್ಕಿತ್ತು. "ಅಗೋ, ಅಲ್ಲೈತೆ. ನಾಳಿದ್ದು ಇಲ್ಲಿಗೆ ಅದರ ಸೆರಗು ಬರ್ತೈತೆ."

ಹುಚ್ಚ ಇರಬೇಕು ಎಂದುಕೊಂಡೆ. ಆದರೂ ವ್ಯಾಪಾರದವಳ ಬುದ್ಧಿ. ಪೂರಾ ನಂಬಲೂ ಇಲ್ಲ, ಪೂರಾ ಬಿಡಲೂ ಇಲ್ಲ. ಅರ್ಧ ಎತ್ತಿದೆ, ಅರ್ಧ ಬಿಟ್ಟೆ. ಬಿಟ್ಟ ಅರ್ಧದ ಗತಿ ಹೇಳುವುದು ಬೇಡ. ಎತ್ತಿದ ಅರ್ಧದಿಂದ ಮರುವರ್ಷ ಎರಡು ತೋಟ ಹಿಡಿದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೆ: ಪ್ರತಿಯಾಗಿ ಏನೂ ಕೇಳದೆ ಎಚ್ಚರಿಕೆ ಹೇಳಿದವನನ್ನು ಹುಡುಕಿಕೊಂಡು ಹೋಗಿ. ನಾನು ಹೋದೆ. ಆ ಕೈ ಚಾಚಿದ್ದು ಏನು ಎಂದು ಕೇಳಿದೆ.

"ಏನಿಲ್ಲ, ನಮ್ಮ ಸೀಮೆಯಲ್ಲಿ ಅದರ ಸುತ್ತ ಗಾಳಿ ಯಾವಾಗ್ಲೂ ಎಡಕ್ಕೇ ಸುತ್ತೋದು" ಎಂದು ಶುರು ಮಾಡಿದವರು ಮಧ್ಯಾಹ್ನದ ಊಟ ಮರೆತರು. ಗಾಳಿಗೆ ಬೆನ್ನು ಕೊಟ್ಟರೆ ಚಂಡಮಾರುತದ ನಡುಗುಳಿ, ಅಂದರೆ ಅದರ ಕೇಂದ್ರ, ಎಡಗಡೆ ಇರುತ್ತದೆ. ಒಂದು ದಿನ ನಿಂತು ನೋಡಿದರೆ ಏನೂ ತಿಳಿಯದು; ದಿನಕ್ಕೆರಡು ಸಲ ನಿಂತು ನೋಡಿದರೆ ಕೈ ಯಾವ ಕಡೆ ಸರಿಯುತ್ತಿದೆ ಎನ್ನುವುದು ತಿಳಿಯುತ್ತದೆ. ಕೈ ಸರಿದ ಕಡೆ ಅದೂ ಸರಿಯುತ್ತಿದೆ. ಗುಡ್ಡ, ಮರ, ಗೋಡೆ ಇರುವಲ್ಲಿ ಗಾಳಿ ಸುಳ್ಳು ಹೇಳುತ್ತದೆ, ಬಯಲಿಗೇ ಹೋಗಬೇಕು. ಇಷ್ಟು ಕಲಿಸಲು ಅವರು ನಾಲೆಯ ಏರಿಯ ಮೇಲೆ ನನ್ನನ್ನು ಗರಗರ ತಿರುಗಿಸಿ ನಿಲ್ಲಿಸಿದರು. ಸುಲಿಯುವ ಹೆಣ್ಣುಮಕ್ಕಳು ಕತ್ತಿ ಬಿಟ್ಟು ನಗುತ್ತಿದ್ದರು. "ಏನ್ರೀ ಸಾಹೇಬ್ರೆ, ನಮ್ಮಕ್ಕನ್ನ ಬುಗುರಿ ಮಾಡಿಬಿಟ್ರಲ್ಲ!"

ಅವರು ಪುಸ್ತಕದ ಮಾತು ಆಡುತ್ತಿರಲಿಲ್ಲ. ಎದುರಿಗೆ ಏನಿರುತ್ತಿತ್ತೋ ಅದರಲ್ಲೇ ಹೇಳುತ್ತಿದ್ದರು. ಅದು ಹೇಗೆ ಬೆಳೆಯುತ್ತದೆ ಎಂದು ಕೇಳಿದಾಗ ನಮ್ಮ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಇದೇ ನೋಡ್ರಿ ಕಡಲು. ಕೆಳಗೆ ಬೆಂಕಿ ಐತೆ ಅನ್ಕಳ್ರಿ, ಅಂದ್ರೆ ಬೆಚ್ಚನೆ ನೀರು. ಮೊದಲು ಬರೀ ಹಬೆ ಏಳ್ತೈತೆ, ಅದು ಕುಸಿತ. ಮೇಲಕ್ಕೆ ಹೋದ ಹಬೆ ಜಾಗಕ್ಕೆ ಸುತ್ತಲಿಂದ ಗಾಳಿ ನುಗ್ಗತೈತೆ. ನುಗ್ಗೋ ಗಾಳಿ ಸುತ್ತಾಕೆ ಹಿಡೀತು ಅಂದ್ರೆ ಇನ್ನೂ ಜೋರಾಗಿ ಎಳಿತೈತೆ. ಎಳೆದಷ್ಟೂ ಕುದಿ, ಕುದ್ದಷ್ಟೂ ಎಳೆತ. ಅದು ತನ್ನ ಒಲೆ ತಾನೇ ಊದಿಕೊಳ್ಳೋ ಹಂಡೆ ಕಣ್ರೀ!" ಹೇಳುತ್ತ ಹೇಳುತ್ತ ಎದ್ದೇ ನಿಂತಿದ್ದರು. ನಡುವಿನ ಕಣ್ಣು, ಅಲ್ಲಿ ಗಾಳಿಯೇ ಇರುವುದಿಲ್ಲ, ಮೇಲೆ ನೀಲಿ ಆಕಾಶ ಕಾಣುತ್ತದೆ ಎನ್ನುವಾಗ ಅವರ ಧ್ವನಿ ಇಳಿಯುತ್ತಿತ್ತು, ದೇವರ ಸುದ್ದಿ ಹೇಳುವವರಂತೆ.

"ನೆಲಕ್ಕೆ ಬಂದ್ರೆ ಸತ್ತು ಹೋಗ್ತೈತಲ್ಲ?" ಎಂದೆ.

"ನೆಲಕ್ಕೆ ಬಂದ್ರೆ ಒಲೆಯಿಂದ ಕೊಳ್ಳಿ ಎಳದಂಗೆ. ಕೊಳ್ಳಿ ಎಳದ ಕೂಡ್ಲೆ ನಿಮ್ಮ ಹಂಡೆ ಆರಿಬಿಡ್ತೈತಾ? ಕೈ ಇಡ್ರಿ ನೋಡಾನ!" ಎಂದರು. "ಎರಡು ದಿನ ಹಂಗೇ ಬಿಸಿ ಇರ್ತೈತೆ. ಆ ಎರಡು ದಿನದಾಗೆ ಅದು ನಮ್ಮ ಮನೆಗೆ ಬಂದು ಹೋಗ್ತೈತೆ. ಕಡಲ ದಂಡೆಯವರಿಗೆ ಅದು ಗಾಳಿ. ನಮಗೆ ಅದು ಹಂಡೆಯಾಗಿನ ಉಳಿದ ನೀರು."

ಮತ್ತೆ ಅದರ ದಾರಿ? ಅದಕ್ಕೆ ನನ್ನನ್ನು ನಾಲೆಗೆ ಕರೆದುಕೊಂಡು ಹೋದರು. ನೀರು ಬಿಟ್ಟ ದಿನ. ಗೇಟಿನ ಕೆಳಗೆ ಸುಳಿ ಏಳುತ್ತಿದ್ದವು. ಒಂದು ಅಡಿಕೆ ಸಿಪ್ಪೆ ಎಸೆದರು. ಸಿಪ್ಪೆ ಸುಳಿಯೊಳಗೆ ಗಿರಗಿರ ತಿರುಗುತ್ತ, ಸುಳಿಯ ಸಮೇತ ಕೆಳಕ್ಕೆ ಸಾಗಿತು. "ತಿರುಗೋದು ಅದರ ಇಷ್ಟ. ಹೋಗೋದು ನೀರಿನ ಇಷ್ಟ. ಟಿವಿಯವರು ಸುಳಿ ತೋರಿಸ್ತಾರೆ. ನೀವು ನೀರು ನೋಡ್ರಿ." ಮೇಲೆ, ಮೋಡಕ್ಕಿಂತ ಎತ್ತರದಲ್ಲಿ ಗಾಳಿಯ ಹರಿವು ಇರುತ್ತದಂತೆ, ಅದು ಪಶ್ಚಿಮಕ್ಕೆ ತಳ್ಳಿದರೆ ಚಂಡಮಾರುತ ತಮಿಳುನಾಡಿನ ದಂಡೆ ಹತ್ತಿ ನಮ್ಮತ್ತ ಬರುತ್ತದೆ, ಹರಿವು ಸಡಿಲಾದರೆ ಬಡಗಣಕ್ಕೆ ಬಾಗಿ ಆಂಧ್ರದ ಕಡೆ ಏರುತ್ತದೆ. ಹಾಗೆ ಬಾಗಿದರೆ ನಮ್ಮ ಆಕಾಶದ ಪಸೆಯನ್ನೆಲ್ಲ ಅದೇ ಹೀರಿಕೊಂಡು, ನಮಗೆ ಥಂಡಿ ಗಾಳಿ, ಚಿನ್ನದಂಥ ಬಿಸಿಲು ಬಿಟ್ಟು ಹೋಗುತ್ತದೆ.

ಈಗ ಆಣೆಯ ವಿಚಾರ. ಬರುತ್ತದೆ, ಬರುವುದಿಲ್ಲ ಎಂದು ಅವರು ಒಂದು ದಿನವೂ ಹೇಳಿದವರಲ್ಲ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ ಲೆಕ್ಕ ಅವರ ತಂದೆಯ ಬಾಯಲ್ಲಿ ಕೇಳಿದ್ದಂತೆ. "ಆರಾಣೆ ಬರ್ತೈತೆ, ಹತ್ತಾಣೆ ಬರಾಕಿಲ್ಲ" ಎನ್ನುತ್ತಿದ್ದರು. ಜನಕ್ಕೆ ಸಿಟ್ಟು ಬರುತ್ತಿತ್ತು. ನ್ಯಾಮತಿಯಲ್ಲಿ ಒಂದು ಮೇ ತಿಂಗಳ ಮದುವೆ. ಅರಬ್ಬಿ ಸಮುದ್ರದಲ್ಲಿ ಒಂದು ಎದ್ದಿತ್ತು. ಹೆಣ್ಣಿನ ತಂದೆ, "ಸಾಹೇಬ್ರೆ, ಶಾಮಿಯಾನ ಹಾಕ್ಸಲೋ, ಛತ್ರ ಹಿಡಿಲೋ?" ಎಂದು ಕೇಳಿದರು.

"ಹನ್ನೊಂದಾಣೆ ಬರ್ತೈತೆ."

"ಮುಹೂರ್ತದ ಹೊತ್ತಿಗೆ ಅಂದೆ, ರೀ."

"ಅದಕ್ಕೇ ಹನ್ನೊಂದು. ಇಡೀ ದಿನಕ್ಕಾದ್ರೆ ಹದಿನಾಲ್ಕು ಅಂತಿದ್ದೆ."

ಹೆಣ್ಣಿನ ತಂದೆ ನನ್ನ ಕಡೆ ತಿರುಗಿ, "ಇವರು ಮಳೆ ಹೇಳ್ತಾರೋ, ಪಾಲು ಹಂಚ್ತಾರೋ?" ಎಂದರು. ಆದರೂ ಛತ್ರ ಹಿಡಿದರು. ಗೇಜಿನವರು ಊಟದ ದಿನ ಬಂದು, ಅಡುಗೆಯವರಿಗೆ ಒಲೆಯ ಬಾಯಿ ತೆಂಕಣಕ್ಕೆ ಇಡಬೇಡಿ, ಗಾಳಿ ಅಲ್ಲಿಂದಲೇ ಬರುತ್ತದೆ ಎಂದು ಹೇಳಿ, ಎರಡು ಹೋಳಿಗೆ ತಿಂದು ಹೋದರು. ಮಳೆ ಬಂತು. ಹೊಗೆ ಯಾರ ಕಣ್ಣಿಗೂ ಬರಲಿಲ್ಲ. ಆ ಮದುವೆಯಲ್ಲಿ ಮದುಮಗನಿಗಿಂತ ಹೆಚ್ಚು ಜನ ಮಾತಾಡಿಸಿದ್ದು ಇವರನ್ನೇ.

ಇನ್ನು ನನ್ನ ತಪ್ಪು. ಹೇಳಬಾರದು, ಆದರೂ ಹೇಳುತ್ತೇನೆ. ನಿಮಗೆ ಉಪಯೋಗಕ್ಕೆ ಬರುತ್ತದೆ.

ಐದು ತೋಟ ಹಿಡಿದ ವರ್ಷ. ಕಣದ ತುಂಬ ಹಸಿ ಅಡಿಕೆ ಬಂದು ಬಿದ್ದಿತ್ತು. ಕೊಲ್ಲಿಯಲ್ಲಿ ಒಂದು ಹುಟ್ಟಿ, ಬೆಳೆದು, ಹೋಗಲೋ ಬರಲೋ ಎಂದು ನಿಂತೇಬಿಟ್ಟಿತ್ತು. ಬೇಯಿಸುವುದೋ ಬೇಡವೋ? ಹೊನ್ನಾಳಿಗೆ ಅವರ ಮನೆಗೇ ಹೋದೆ.

"ಎಂಟಾಣೆ" ಎಂದರು. "ನಿಂತಿರೋದನ್ನ ನಂಬಬ್ಯಾಡ್ರಿ. ನಿಂತಷ್ಟೂ ಕಡಲು ಕುಡೀತೈತೆ."

"ಎಂಟಾಣೆ ಇಟ್ಕಂಡು ನಾನೇನು ಮಾಡ್ಲಿ ಅಣ್ಣಾರೆ? ಒಂದು ಕಡೆ ಹೇಳ್ರಿ. ನಿನ್ನೆಗಿಂತ ಬಡಗಣಕ್ಕೆ ಸರದೈತಲ್ಲ?"

"ಸ್ವಲ್ಪ."

"ಮತ್ತೆ? ಬಡಗಣಕ್ಕೆ ಸರದ ಮೇಲೆ ಹೋಗೋ ಪಾಲು ಒಂಬತ್ತು ಅನ್ನಾಕೇನು ತೊಂದ್ರೆ?"

"ಒಂಬತ್ತು ಅನ್ನಬೌದು..."

"ಇಲ್ಲಿ ಚಳಿ ಬಿದ್ದೈತೆ. ಚಳಿ ಬಿದ್ರೆ ಅದು ದೂರ ಹೋಗ್ತೈತೆ ಅಂತ ನೀವೇ ಹೇಳಿದ್ರಿ. ಹತ್ತು ಅನ್ರಿ."

ನನಗೆ ಹೇಗೆ ಮಾತಾಡಬೇಕು ಎಂದು ಗೊತ್ತು. ಮಂಡಿಯಲ್ಲಿ ನನ್ನನ್ನು ಕಂಡರೆ ದಲ್ಲಾಳಿಗಳು ಚಹಾ ತರಿಸಿ ಆಮೇಲೆ ಬಾಯಿ ಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಆ ಮೆತ್ತನೆಯ ಮನುಷ್ಯನನ್ನು ಹೋಗುವ ಪಾಲು ಹನ್ನೆರಡಾಣೆ ಎನ್ನುವಲ್ಲಿಗೆ ತಂದು ನಿಲ್ಲಿಸಿದೆ. ಗೆದ್ದ ಖುಷಿಯಲ್ಲಿ ಬಸ್ಸು ಹತ್ತಿದೆ. ಮನೆಗೆ ಬಂದು ಎಲ್ಲ ಹಂಡೆಗೂ ಬೆಂಕಿ ಹಾಕಿಸಿದೆ. ಅದೂ ಸಾಲದು ಎಂದು ಇನ್ನೊಂದು ಹಂಡೆ ಬಾಡಿಗೆಗೆ ತಂದೆ.

ಅದು ಎರಡು ದಿನ ನಿಂತು, ಕುಡಿದು, ತಿರುಗಿ, ನೇರ ನಮ್ಮತ್ತ ಬಂತು. ಆರು ದಿನ ಸೂರ್ಯ ಕಾಣಲಿಲ್ಲ. ನನ್ನ ಅಡಿಕೆಯ ಮೇಲೆ ಬೆಕ್ಕಿನ ಮರಿಯ ರೋಮದಂತೆ ಬೂಷ್ಟು ಎದ್ದಿತು.

ಏಳನೆಯ ದಿನ ಮೊದಲ ಬಸ್ಸಿಗೇ ಅವರು ಬಂದರು. ಹೆಗಲ ಮೇಲೆ ಹಳೆ ಪಂಚೆ. ಅದನ್ನು ಹರಿದು ಬಟ್ಟೆಯ ತುಂಡು ಮಾಡಿಕೊಂಡು, ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು, ಒಂದೊಂದೇ ಅಡಿಕೆ ಒರೆಸತೊಡಗಿದರು.

"ಮಳೆ ಅಳೆಯೋರು ಬೂಷ್ಟು ಒರಸಾಕೆ ಬಂದ್ರಾ?" ಎಂದು ಒಬ್ಬಳು ಕಿಚಾಯಿಸಿದಳು.

"ಅಳತೆ ತಪ್ಪಿದೋರು ಒರಸಬೇಕಾಗ್ತೈತಮ್ಮ" ಎಂದರು.

ನನಗೆ ತಡೆಯಲಾಗಲಿಲ್ಲ. "ತಪ್ಪು ನಂದು ಅಣ್ಣಾರೆ. ನಿಮ್ಮ ಬಾಯಿಂದ ನಾನೇ ಎಳೆದು ಹೇಳಿಸಿದ್ದು."

"ನೀವು ಕೇಳೋರು, ಎಷ್ಟಾದ್ರೂ ಕೇಳ್ತೀರಿ. ನಾ ಹೇಳೋನು. ನಾಲ್ಕಾಣೆ ಬಿಟ್ಟುಕೊಟ್ಟೆನಲ್ಲ, ಅದು ನಂದಾಗಿರಲಿಲ್ಲ ಕೊಡಾಕೆ." ತಲೆ ಎತ್ತದೆ ಇನ್ನೊಂದು ಅಡಿಕೆ ಎತ್ತಿಕೊಂಡರು. ಸಂಜೆಯತನಕ ಒರೆಸಿದರು. ಊಟಕ್ಕೆ ಕರೆದರೆ ಹೆಣ್ಣುಮಕ್ಕಳ ಬುತ್ತಿಯಲ್ಲೇ ಅರ್ಧ ರೊಟ್ಟಿ ಇಸಿದುಕೊಂಡರು.

ಅವರಿಗೆ ಒಂದು ದೊಡ್ಡ ನೋಟ್‌ಬುಕ್ಕು ಇತ್ತು. ಹುಟ್ಟಿದ ಒಂದೊಂದಕ್ಕೂ ಒಂದು ಹಾಳೆ: ಎಲ್ಲಿ ಹುಟ್ಟಿತು, ದಿನಕ್ಕೆ ಎಷ್ಟು ನಡೆಯಿತು, ತಾನು ಎಷ್ಟಾಣೆ ಹೇಳಿದೆ, ಕೊನೆಗೆ ಏನಾಯಿತು. ಸರಿಯಾದದ್ದು ನೀಲಿ ಶಾಯಿ, ತಪ್ಪಿದ್ದು ಕೆಂಪು. ಕೆಂಪು ಹಾಳೆಗಳನ್ನೇ ಹೆಚ್ಚು ಸಲ ತೆಗೆದು ಓದುತ್ತಿದ್ದರು. ಅಂಚು ಅಲ್ಲೇ ಸವೆದಿತ್ತು.

ಒಮ್ಮೆ ನಾನು ಚುಚ್ಚಿದೆ. ಅವರ ಹುಟ್ಟೂರು ಜಗಳೂರು. ಅಲ್ಲಿ ಮುಂಗಾರು ಗುಡ್ಡದ ಆಚೆಗೇ ಮುಗಿದುಹೋಗುತ್ತದೆ. ಕೆರೆಗೆ ನೀರು ಬಂದರೆ ಹೆಚ್ಚಿನ ಸಲ ಇಂಥ ಕೊಲ್ಲಿಯ ಮಳೆಯಿಂದಲೇ. ಮನೆಯಲ್ಲಿ ಕುರಿ, ಮಳೆ ಎಂದರೆ ಹಬ್ಬ. "ನಿಮಗೆ ಅದು ಬರ್ಲಿ ಅಂತಾನೇ ಆಸೆ. ನಾವು ಹೋಗ್ಲಿ ಅಂತ ಕೈ ಮುಗಿತೀವಿ, ನೀವು ಒಳಗೊಳಗೆ ಬಾ ಅಂತ ಕರೀತೀರಿ" ಎಂದೆ.

"ಕರೀತೀನಿ" ಎಂದರು, ಒಂದಿಷ್ಟೂ ಮುಚ್ಚುಮರೆಯಿಲ್ಲದೆ. "ಹುಟ್ಟೈತೆ ಅಂದ ಕೂಡ್ಲೆ ನಮ್ಮೂರ ಕೆರೆ ಕಣ್ಮುಂದೆ ಬರ್ತೈತೆ. ಆದ್ರೆ ಕರೆಯೋದು ಮನೆಯಾಗೆ. ನೋಟ್‌ಬುಕ್ಕಿನಾಗೆ ಕರಿಯಾಕಿಲ್ಲ."

ನಿವೃತ್ತಿಯಾದ ಮೇಲೆ ಜಗಳೂರಿಗೇ ಹೋದರು. ಹಿತ್ತಲಲ್ಲಿ ಸ್ವಂತ ಖರ್ಚಿನ ಮಳೆಮಾಪಕ ನೆಟ್ಟರು. ಯಾರೂ ಕೇಳದ ಅಳತೆ, ಯಾರಿಗೂ ಕಳಿಸದ ಅಳತೆ. ಅವರ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದರು: "ನೋಡು ತಂಗಿ, ಆರು ತಿಂಗಳಿಂದ ಒಂದು ಹನಿ ಇಲ್ಲ. ಇವರು ದಿನಾ ಎಂಟೂವರೆಗೆ ಗಡಿಯಾರ ನೋಡ್ಕಂಡು ಹೋಗಿ ಸೊನ್ನೆ ಬರದು ಬರ್ತಾರೆ. ಸೊನ್ನೆ ಬರಿಯಾಕೆ ಹೋಗಬೇಕಾ?"

ಒಳಗಿನಿಂದ ದನಿ ಬರುತ್ತಿತ್ತು: "ಸೊನ್ನೆನೂ ಅಳತೇನೇ ಕಣೇ."

ತೀರಿಕೊಂಡ ಸುದ್ದಿ ಬಂದ ದಿನ ಬೆಳಗಿನ ಜಾವದ ಬಸ್ಸು ಹಿಡಿದು ಹೋದೆ. ಅಂಗಳದ ತುಂಬ ಜನ. ಎಂಟೂವರೆಯ ಹೊತ್ತಿಗೆ ಅವರ ಹೆಂಡತಿ, ಅಷ್ಟೂ ಹೊತ್ತು ಗೋಡೆಗೆ ಒರಗಿ ಕೂತಿದ್ದವರು, ಎದ್ದರು. ಹಿತ್ತಲಿಗೆ ನಡೆದರು. ಯಾರೋ ಹಿಡಿದುಕೊಳ್ಳಲು ಹೋದರು. "ಇರ್ರಿ, ಬಂದೆ" ಎಂದರು. ಗಾಜಿನ ಅಳತೆಯನ್ನು ಬೆಳಕಿಗೆ ಹಿಡಿದು ನೋಡಿ, ಮಳೆ ಲೆಕ್ಕದ ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ ಬರೆದು, ವಾಪಸ್ ಬಂದು ಅದೇ ಗೋಡೆಗೆ ಕೂತರು. ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಚಂಡಮಾರುತದ ನೋಟ್‌ಬುಕ್ಕನ್ನು ನನಗೆ ಕೊಟ್ಟರು. "ಇದು ನಂಗೆ ತಿಳಿಯಾಕಿಲ್ಲ. ಹಿತ್ತಲದ್ದು ನಾ ನೋಡ್ಕಂತೀನಿ. ಇದು ನೀನು ನೋಡ್ಕ."

ವಾಪಸ್ ಬರುವ ಬಸ್ಸಿನಲ್ಲಿ, ನನ್ನ ಅಡಿಕೆಗೆ ಬೂಷ್ಟು ಹಿಡಿದ ವರ್ಷದ ಹಾಳೆ ಹುಡುಕಿದೆ. ಕೆಂಪು ಶಾಯಿ. "ನನ್ನದು ಎಂಟಾಣೆ. ಹೇಳಿದ್ದು ಹನ್ನೆರಡು. ತಪ್ಪು ನನ್ನದು." ನನ್ನ ಹೆಸರು ಎಲ್ಲೂ ಇರಲಿಲ್ಲ.

ಸರಿ, ಈ ವಾರಕ್ಕೆ ಬರೋಣ.

ಸೋಮವಾರ ಹುಟ್ಟಿದ್ದು ದೂರದಲ್ಲಿತ್ತು. ಅಂದು ಸಂಜೆ ಮತ್ತು ಮಂಗಳವಾರ ಬೆಳಗ್ಗೆ ನಮ್ಮ ಕಣದ ಆಚೆಯ ಬಯಲಲ್ಲಿ ನಿಂತೆ. ಬಡಗಣ ಗಾಳಿ. ಕೈ ಪೂರ್ವಕ್ಕೆ. ಎರಡು ಹೊತ್ತೂ ಕೈ ಕದಲಲಿಲ್ಲ. ನೋಟ್‌ಬುಕ್ಕು ಬಿಚ್ಚಿ ಬರೆದೆ: ಎಂಟಾಣೆ. ಅದರಲ್ಲಿ ನನ್ನ ಕೈಯ ಮೊದಲ ಅಕ್ಷರ ಅದು. ಎಂಟಾಣೆ ಎಂದರೆ ಏನು ಮಾಡಬೇಕು? ಅವತ್ತು ಅವರನ್ನು ಕೇಳಿದ ಪ್ರಶ್ನೆಗೆ ಈಗ ನನ್ನಲ್ಲೇ ಉತ್ತರ ಇತ್ತು. ಅರ್ಧ! ಸಂತೇಬೆನ್ನೂರಿನ ತೋಟದಲ್ಲಿ ಹಣ್ಣಿಗೆ ಹತ್ತಿರವಾದ ಅರ್ಧ ತೋಟ ಮಂಗಳವಾರವೇ ಕೊಯ್ಸಿ, ಅವತ್ತೇ ಸುಲಿಸಿ, ಬೇಯಿಸಿ, ಹರಡಿದೆ. ಬುಧವಾರ, ಗುರುವಾರ ಒಳ್ಳೆ ಬಿಸಿಲು. ಗುರುವಾರ ಅದಕ್ಕೆ ಹೆಸರೂ ಇಟ್ಟಿದ್ದರು. ಟಿವಿಯಲ್ಲಿ ಕೆಂಪು ಅಕ್ಷರ ಕುಣಿಯುತ್ತಿತ್ತು. ಅವತ್ತೇ ಸಂಜೆ ತಮಿಳುನಾಡಿನ ದಂಡೆ ದಾಟಿತು ಎಂದರು.

ಶುಕ್ರವಾರ ಬೆಳಗ್ಗೆ ನೋಡಬೇಕಿತ್ತು ಆ ಬಿಸಿಲು! ಆಕಾಶ ತೊಳೆದಿಟ್ಟ ಪಿಂಗಾಣಿ ತಟ್ಟೆ. ರಸ್ತೆಯ ಉದ್ದಕ್ಕೂ ಎಲ್ಲರೂ ತಾಡಪಾಲು ತೆಗೆದು ಅಡಿಕೆ, ಮೆಕ್ಕೆಜೋಳ ಹರಡಿದರು. ನನ್ನ ಫೋನಿನಲ್ಲಿ ತೋಟದ ಯಜಮಾನರು.

"ಅಕ್ಕಾರೆ, ದಾಟಿ ಮುಗಿದು ಹೋತು. ಉಳಿದ ಅರ್ಧ ಇವತ್ತೇ ಕೊಯ್ಸಿಬಿಡ್ರಿ. ಇನ್ನು ತಡ ಮಾಡಿದ್ರೆ ಗೋಟಾಗ್ತೈತೆ."

"ಒಂದು ತಾಸು ಕೊಡ್ರಿ" ಎಂದು ಬಯಲಿಗೆ ಓಡಿದೆ. ಹೌದು, ಓಡಿದೆ, ಐವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಗಾಳಿಗೆ ಬೆನ್ನು ಕೊಟ್ಟೆ. ಗಾಳಿ ಈಶಾನ್ಯದಿಂದ ಬರುತ್ತಿತ್ತು. ಎಡಗೈ ಚಾಚಿದೆ. ಕೈ ಪೂರ್ವದಲ್ಲಿರಲಿಲ್ಲ. ಆಗ್ನೇಯಕ್ಕೆ ಸರಿದಿತ್ತು. ಬಡಗಣಕ್ಕೆ ಬಾಗಿಲ್ಲ, ನೆಲದ ಮೇಲೆ ನಮ್ಮ ತೆಂಕಣ ಪಕ್ಕಕ್ಕೆ ನಡೆದು ಬರುತ್ತಿದೆ! ಒಲೆಯಿಂದ ಕೊಳ್ಳಿ ಎಳೆದಿದ್ದಾರೆ, ಹಂಡೆ ಇನ್ನೂ ಬಿಸಿಯಿದೆ. ಕಾಣದ್ದು ಕಂಡಿತ್ತು, ನನ್ನ ಕೈಯ ತುದಿಯಲ್ಲೇ!

"ಹನ್ನೆರಡಾಣೆ ಬರ್ತೈತೆ ಯಜಮಾನರೆ. ಕೊಯ್ಸಾಕಿಲ್ಲ. ಹರಡಿದ್ದನ್ನೂ ಒಳಗೆ ತರಿಸ್ತಿದ್ದೀನಿ."

"ಇಂಥ ಬಿಸಿಲಾಗಾ? ಏನ್ ತಮಾಷೆ ಮಾಡ್ತೀರಾ? ಹನ್ನೆರಡು ಹೆಚ್ಚಾತು, ಎಂಟು ಅನ್ರಿ."

"ಹನ್ನೆರಡು."

"ಹೋಗ್ಲಿ, ಒಂಬತ್ತು. ಟಿವಿಯಾಗೆ ದುರ್ಬಲ ಆಗೈತೆ ಅಂದ್ರಲ್ಲ?"

"ಯಜಮಾನರೆ, ತೋಟದ ದರ ಬೇಕಾದ್ರೆ ಮತ್ತೆ ಮಾತಾಡಾನ. ಏರಿಸ್ರಿ, ಇಳಿಸ್ರಿ, ಚಹಾ ಕುಡಿತ ಕೂರಾನ. ಇದು ಮಾತಾಡಿ ಇಳಿಯೋದಲ್ಲ. ನಂದಲ್ಲದ್ದನ್ನ ನಾ ಕೊಡಾಕೆ ಬರಾಕಿಲ್ಲ."

ಅವರು ಸಿಟ್ಟಾಗಿ ಫೋನು ಇಟ್ಟರು. ಮಧ್ಯಾಹ್ನದೊಳಗೆ ಮುಕ್ಕಾಲು ಒಣಗಿದ ನನ್ನ ಅಡಿಕೆಯೆಲ್ಲ ಶೆಡ್ಡಿನ ಅಟ್ಟ ಸೇರಿತು. ಕೆಲಸದ ಹೆಣ್ಣುಮಕ್ಕಳು ಬಿಸಿಲಿಗೆ ಹಣೆ ಒರೆಸಿಕೊಳ್ಳುತ್ತ, "ಅಕ್ಕಗೆ ಗೇಜಿನವರು ಮೈಮೇಲೆ ಬಂದವ್ರೆ" ಎಂದು ನಕ್ಕರು. ರಸ್ತೆಯಲ್ಲಿ ಕಂಡಕಂಡವರಿಗೆ ಎತ್ತಿಬಿಡಿ, ಎತ್ತಿಬಿಡಿ ಎಂದು ಹೇಳಿದೆ. ಏನೂ ಕೇಳದೆ ಹೇಳಿದೆ. ಒಂದಿಬ್ಬರು ಎತ್ತಿದರು.

ಶನಿವಾರ ಬೆಳಗಿಗೆ ಮೋಡ ಕವಿಯಿತು. ಹನ್ನೊಂದಕ್ಕೆ ಶುರುವಾದದ್ದು ಭಾನುವಾರದ ತನಕ ಬಿಡಲಿಲ್ಲ. ನನ್ನ ಉಳಿದರ್ಧ ತೋಟದಲ್ಲಿ ಒಂದಷ್ಟು ಗೋಟಾಗುತ್ತದೆ. ಆಗಲಿ, ಅದು ನಾನು ಗೊತ್ತಿದ್ದೇ ಬಿಟ್ಟದ್ದು. ಯಜಮಾನರು ಶನಿವಾರ ಸಂಜೆ ಫೋನು ಮಾಡಿ ಒಂದೇ ಮಾತು ಆಡಿದರು: "ಎತ್ತಿದ್ದು ಚಲೋ ಆತು."

ಆದರೆ ನಾನು ಕಾಯುತ್ತಿದ್ದ ಫೋನು ಅದಲ್ಲ. ನನ್ನ ಅಟ್ಟ ಭದ್ರ ಆದ ಗಳಿಗೆಯಿಂದ, ಜೀವಮಾನದಲ್ಲಿ ಮೊದಲನೇ ಸಲ, ಆ ಚಂಡಮಾರುತಕ್ಕೆ ಇನ್ನಷ್ಟು ನಡಿ, ಇನ್ನಷ್ಟು ನಡಿ, ಚನ್ನಗಿರಿಯಲ್ಲೇ ಮುಗಿದುಹೋಗಬೇಡ, ಜಗಳೂರು ಮುಟ್ಟು ಎಂದು ಹೇಳುತ್ತ ಕೂತಿದ್ದೆ. ಮನೆಯೊಳಗೆ ಹೇಳುತ್ತಿದ್ದೆ. ನೋಟ್‌ಬುಕ್ಕಿನಲ್ಲಲ್ಲ.

ಭಾನುವಾರ ಬೆಳಗ್ಗೆ ಎಂಟೂವರೆ ದಾಟಿ ಮೂರು ನಿಮಿಷಕ್ಕೆ ಜಗಳೂರಿನಿಂದ ಫೋನು ಬಂತು. ಹಿಂದಿನಿಂದ ಕುರಿಗಳ ಗದ್ದಲ, ಹಂಚಿನಿಂದ ನೀರು ಇಳಿಯುವ ಸದ್ದು.

"ತಂಗಿ, ಬಂತು ಕಣೇ! ಇಲ್ಲೂ ಬಂತು! ನಿನ್ನೆ ಮಧ್ಯಾಹ್ನದಿಂದ ಹಿಡದೈತೆ. ಕೆರೆಗೆ ಕೆಂಪು ನೀರು ಇಳೀತೈತಂತೆ, ಹೋಗಿ ನೋಡ್ಕಂಡು ಬಂದೋರು ಹೇಳಿದ್ರು."

"ಎಷ್ಟಕ್ಕಾ, ಅಳತೆ?"

"ಮೂವತ್ತೊಂದೂವರೆ ಮಿಲಿಮೀಟರು." ಆಮೇಲೆ ಸಣ್ಣ ದನಿಯಲ್ಲಿ, "ಅವರಿದ್ದಿದ್ರೆ ಎಷ್ಟು ಖುಷಿ ಪಡೋರು. ಮೂವತ್ತೆರಡು ಅಂತ ಬರ್ಕಂಬಿಡ್ಲಾ?"

"ಬ್ಯಾಡಕ್ಕಾ" ಎಂದೆ. "ಎಷ್ಟೈತೋ ಅಷ್ಟೇ ಬರಿ."